ಮೊದಲ ತುತ್ತು ಯಾವುದು

ನಮ್ಮ ಭಾವ ತಿಂದೇ ಸಂಸಾರ ಸಾಕಿದವರು. ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ. ಒಲೆಯಿಂದ ಇಳಿದ ಪ್ರತಿ ಸರದಿಯ ಬಿಸ್ಕತ್ತು ಮೊದಲು ಅವರ ಮೇಜಿಗೆ ಬರುತ್ತದೆ. ಅವರು ಕಚ್ಚಿ, ಕಣ್ಣು ಮುಚ್ಚಿ, ಅಗಿದು "ಹೂಂ" ಅಂದರೆ ಮಾಲು ಪ್ಯಾಕಿಂಗಿಗೆ, ಅಂದರೆ ನನ್ನ ಕಡೆಗೆ. "ಊಹೂಂ" ಅಂದರೆ ವಾಪಸ್ಸು. ಇಪ್ಪತ್ತು ವರ್ಷ ಬರೀ ಇಷ್ಟೇ ಮಾತಾಡಿ ಸಂಬಳ ತೆಗೆದುಕೊಂಡ ಇನ್ನೊಬ್ಬ ಮನುಷ್ಯ ಇದ್ದರೆ ನನಗೆ ತೋರಿಸಿ.

ಅವರ ನಾಲಿಗೆಯ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದರೆ ನೀವು ನಂಬುವುದಿಲ್ಲ, ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತೇನೆ. ಒಂದು ದಿನ ಬೆಣ್ಣೆ ಬಿಸ್ಕತ್ತು ಕಚ್ಚಿ, "ಒಲೆ ಮೇಸ್ತ್ರಿಗೆ ನೆಗಡಿ" ಅಂದರು. ಒಲೆ ನೋಡಿಕೊಳ್ಳುವ ಮೇಸ್ತ್ರಿ ಅಲ್ಲೇ ಗುಂಡುಕಲ್ಲಿನ ಹಾಗೆ ನಿಂತಿದ್ದ. ನೆಗಡಿ ಬಂದದ್ದು ಮಾರನೇ ದಿನ. ಇನ್ನೊಂದು ಸಲ ಹಿಟ್ಟು ಕಲಸುವ ಯಂತ್ರದ ಬೆಲ್ಟು ಬದಲಾಯಿಸಿದ್ದನ್ನು ಬಿಸ್ಕತ್ತಿನ ಅಂಚಿನಲ್ಲಿ ಪತ್ತೆ ಹಚ್ಚಿದರು. ಬೆಲ್ಟು ಹಾಕಿದವನೇ ಅದನ್ನು ಮರೆತಿದ್ದ.

ರುಚಿ ನೋಡುವ ಮೇಜಿನ ಪಕ್ಕದಲ್ಲಿ ಒಂದು ಸ್ಟೀಲ್ ಬಕೆಟ್ಟು ಇರುತ್ತದೆ. ಅಗಿದದ್ದನ್ನು ಅದರಲ್ಲಿ ಉಗಿಯಬೇಕು, ನುಂಗಬಾರದು ಅನ್ನುವುದು ಈ ಕೆಲಸದ ಪದ್ಧತಿ. ಭಾವ ಆ ಬಕೆಟ್ಟಿನಲ್ಲಿ ತಮ್ಮ ಕೊಡೆ ನಿಲ್ಲಿಸುತ್ತಿದ್ದರು. ಕೇಳಿದರೆ, "ಬಿಸ್ಕತ್ತು ತನ್ನ ಕೊನೇ ಮಾತು ಹೇಳೋದು ಗಂಟಲಲ್ಲಿ ಕಣೋ. ನಾಲಿಗೇಲಿ ಬರೀ ಪೀಠಿಕೆ" ಅನ್ನುತ್ತಿದ್ದರು.

ಹಾಗಂತ ಭಾವ ಬಿಸ್ಕತ್ತು ತಿನ್ನುತ್ತಾರೆ ಎಂದು ಯಾರೂ ಅನ್ನುವಂತಿರಲಿಲ್ಲ. ಮನೆಯಲ್ಲಿ ಅಕ್ಕ ಅನ್ನುತ್ತಿರಲಿಲ್ಲ, ಕಾರ್ಖಾನೆಯಲ್ಲಿ ನಾವು ಅನ್ನುತ್ತಿರಲಿಲ್ಲ. ಅದು ಕೆಲಸ. ಗಾರೆಯವನು ಸಿಮೆಂಟು ಕಲಸಿದ ಹಾಗೆ, ದರ್ಜಿ ಗುಂಡಿ ಹಾಕಿದ ಹಾಗೆ. ಸಂಜೆ ಭಾವ ಮನೆಗೆ ಬಂದು ತಟ್ಟೆಯ ಮುಂದೆ ಕೂತು ನಾಲ್ಕು ತುತ್ತಿಗೇ ಕೈ ತೊಳೆದರೆ ಅಕ್ಕ, "ಬೆಳಗ್ಗಿಂದ ಏನೂ ತಿಂದಿಲ್ಲ, ಈಗಲೂ ತಿನ್ನಲ್ಲ. ಈ ಹೊಟ್ಟೆ ಎಲ್ಲಿಂದ ಬಂತೋ" ಎಂದು ನಿಜವಾಗಿಯೂ ಆಶ್ಚರ್ಯಪಡುತ್ತಿದ್ದಳು.

ಕಾರ್ಖಾನೆಗೆ ತಪಾಸಣೆಗೆ ಬರುವ ಡಾಕ್ಟರಮ್ಮನಿಗೆ ಅದು ಗೊತ್ತಾಯಿತು. ಹೊಟ್ಟೆ ಎಲ್ಲಿಂದ ಬಂತು ಅಂತ ಅಲ್ಲ, ಭಾವನಿಗೆ ಸಕ್ಕರೆ ಕಾಯಿಲೆ ಅಂತ. ಖಾಲಿ ಹೊಟ್ಟೆಯ ಅಂಕಿ ಪರವಾಗಿಲ್ಲ, ಊಟವಾದ ಎರಡು ಗಂಟೆಯ ಮೇಲಿನ ಅಂಕಿ ಮಾತ್ರ ಛಾವಣಿ ಮುಟ್ಟಿತ್ತು. ಧೈರ್ಯಕ್ಕಿರಲಿ ಎಂದು ಭಾವ ನನ್ನನ್ನೂ ಒಳಗೆ ಕರೆದುಕೊಂಡು ಹೋಗಿದ್ದರು.

"ಕೆಲಸ ಏನು?" ಡಾಕ್ಟರಮ್ಮ ಕೇಳಿದರು.

"ರುಚಿ ನೋಡೋದು."

"ನೋಡಿ ಉಗೀತೀರಲ್ಲ?"

"ಬಕೆಟ್ಟಿದೆ, ಡಾಕ್ಟ್ರೇ" ಅಂದರು ಭಾವ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಡಾಕ್ಟರಮ್ಮ ಎರಡು ಮಾತ್ರೆ ಬರೆದರು. ಎರಡೂ ಊಟದ ನಂತರ ಏರುವ ಸಕ್ಕರೆಗೇ. ಒಂದನ್ನು ಊಟಕ್ಕೆ ಸ್ವಲ್ಪ ಮುಂಚೆ ನುಂಗಬೇಕು, ಅದು ಮೈಯೊಳಗಿನ ಇನ್ಸುಲಿನ್ನನ್ನು ಬೇಗ ಹೊರಗೆ ತಳ್ಳುತ್ತದೆ. ಇನ್ನೊಂದನ್ನು ಮೊದಲ ತುತ್ತಿನ ಜೊತೆಗೇ ಅಗಿಯಬೇಕು, ಅದು ಕರುಳಿನಲ್ಲಿ ಕೂತು ಹಿಟ್ಟು, ಸಕ್ಕರೆ ಅರಗುವುದನ್ನು ತಡೆದು ನಿಧಾನ ಮಾಡುತ್ತದೆ.

"ಒಂದು ತಳ್ಳೋದು, ಒಂದು ತಡೆಯೋದು" ಅಂದರು ಭಾವ. "ಒಟ್ಟಿಗೇ. ಹಂಗಾದ್ರೆ ಗಾಡಿ ಎತ್ಲಾಗೆ ಹೋಗುತ್ತೆ?"

"ನೆಟ್ಟಗೆ ಹೋಗುತ್ತೆ. ನೆನಪಿಡಿ, ಊಟ ಇದ್ರೆ ಮಾತ್ರೆ. ಊಟ ಬಿಟ್ರೆ ಮಾತ್ರೇನೂ ಬಿಡಿ. ಕೈಕಾಲು ನಡುಗಿ ಬೆವರು ಬಂದ್ರೆ ಸಕ್ಕರೆ ತೀರಾ ಇಳಿದಿದೆ ಅಂತ ಅರ್ಥ. ಆಗ ಗ್ಲೂಕೋಸ್ ತಗೊಳ್ಳಿ, ಸಕ್ಕರೆ ಬೇಡ. ಗೊತ್ತಾಯ್ತಾ?"

ಭಾವ ಗೋಣು ಆಡಿಸಿದರು. ಅವರು ಗೋಣು ಆಡಿಸಿದ್ದು ನೋಡಿ ನಾನೂ ಆಡಿಸಿದೆ. ಸಕ್ಕರೆ ಇಳಿದರೆ ಸಕ್ಕರೆ ಬೇಡ ಅನ್ನುವ ಮಾತು ನನ್ನ ಒಂದು ಕಿವಿಯ ಬಾಗಿಲಲ್ಲೇ ನಿಂತು, ಒಳಗೆ ಬರಲೋ ಬೇಡವೋ ಎಂದು ಯೋಚಿಸಿ, ಹೊರಟುಹೋಯಿತು.

"ತಿಂಗಳಾದ ಮೇಲೆ ಮತ್ತೆ ಬರ್ತೀನಿ. ಊಟದ ಮೇಲಿನ ಅಂಕಿ ನೂರಾ ಎಂಬತ್ತರೊಳಗೆ ಬರದಿದ್ರೆ ನಿಮ್ಮನ್ನ ಗೋದಾಮಿಗೆ ಹಾಕೋಕೆ ಮ್ಯಾನೇಜರ್‌ಗೆ ಹೇಳ್ತೀನಿ."

ಹೊರಗೆ ಬಂದ ಭಾವ ಮೆಟ್ಟಿಲ ಮೇಲೆ ಕೂತೇಬಿಟ್ಟರು. "ಗೋದಾಮಲ್ಲಿ ಬಿಸ್ಕತ್ತು ಡಬ್ಬಿಯೊಳಗಿರುತ್ತೆ ಕಣೋ. ನಾನೇನು ರಟ್ಟಿನ ರುಚಿ ನೋಡ್ಲಾ?" ತಮಾಷೆಗೆ ಹೇಳಿದರು ಅಂದುಕೊಂಡು ನಕ್ಕೆ. ಮುಖ ನೋಡಿದ ಮೇಲೆ ನಿಲ್ಲಿಸಿದೆ. ಕಾರ್ಖಾನೆಯೊಳಗೆ ಆ ಮನುಷ್ಯನಿಗೆ ಹೆಸರಿರಲಿಲ್ಲ, ಎಲ್ಲರೂ ಕರೆಯುತ್ತಿದ್ದದ್ದು "ನಾಲಿಗೆ" ಅಂತ. ನಾಲಿಗೆಯನ್ನು ಗೋದಾಮಿಗೆ ಹಾಕಿದರೆ ಉಳಿಯುವುದೇನು?

ಮನೆಯಲ್ಲಿ ಸಭೆ ಸೇರಿತು. ಸಭೆ ಅಂದರೆ ಅಕ್ಕ, ಭಾವ, ನಾನು, ಮೇಜಿನ ಮೇಲೆ ಎರಡು ಮಾತ್ರೆ ಪಟ್ಟಿ.

"ಊಟ ಅಂದ್ರೆ ಯಾವುದು ಅಂತ ಮೊದಲು ತೀರ್ಮಾನ ಆಗ್ಲಿ" ಅಂದಳು ಅಕ್ಕ.

"ನಾನು ಕಾರ್ಖಾನೇಲಿ ಮಾಡೋದು ಊಟನಾ?"

"ಥೂ, ಅದು ಕೆಲಸ ಅಲ್ವೇನ್ರೀ?"

"ಮತ್ತೆ ಮಧ್ಯಾಹ್ನ ಅಲ್ಲಿ ಡಬ್ಬಿ ಬಿಚ್ತೀನಲ್ಲ, ಅದು?"

"ಅದರಲ್ಲಿ ಮುಕ್ಕಾಲು ಪಾಲು ವಾಪಸ್ ತರ್ತೀರಿ. ಅದೆಂಥಾ ಊಟ? ಊಟ ಅಂದ್ರೆ ತಟ್ಟೆ ಇರಬೇಕು, ಬಡಿಸೋಕೆ ನಾನಿರಬೇಕು."

ಹಾಗಾಗಿ ಮಾತ್ರೆಗಳು ಮನೆಯ ಊಟಕ್ಕೆ ಮಾತ್ರ ಅಂತಾಯಿತು. ನಾನು ತಪ್ಪು ಕಂಡುಹಿಡಿಯಬಹುದಿತ್ತೇನೋ. ಆದರೆ ಅಕ್ಕ ಹೇಳಿದ್ದು ಎಷ್ಟು ಸರಿಯಾಗಿ ಕೇಳಿಸಿತೆಂದರೆ ನಾನೇ ಆ ಮಾತಿಗೆ ಎರಡು ಉದಾಹರಣೆ ಕೊಟ್ಟೆ.

ಬೆರಳು ಚುಚ್ಚಿ ನೋಡುವ ಒಂದು ಪುಟ್ಟ ಮೀಟರು ತಂದೆವು. ಅದು ಬಂದ ಮೇಲೆ ನಮ್ಮ ತಲೆ ಪೂರ್ತಿ ಕೆಟ್ಟಿತು. ಮಧ್ಯಾಹ್ನ ಕಾರ್ಖಾನೆಯಲ್ಲಿ ಚುಚ್ಚಿದರೆ ಅಂಕಿ ಇನ್ನೂರ ಐವತ್ತು. ಆಗ ಭಾವ ಏನೂ ತಿಂದಿರುವುದಿಲ್ಲ, ಬರೀ ಕೆಲಸ. ಸಂಜೆ ಮನೆಯಲ್ಲಿ ತಟ್ಟೆ, ಬಡಿಸುವ ಅಕ್ಕ, ಎರಡು ಮಾತ್ರೆ, ನಾಲ್ಕು ತುತ್ತು, ಎಲ್ಲವೂ ಲಕ್ಷಣವಾಗಿ ಆದ ಮೇಲೆ ಚುಚ್ಚಿದರೆ ಅರವತ್ತು. ಭಾವ ನಡುಗುತ್ತಾ, ಬೆವರುತ್ತಾ, ಅಕ್ಕನನ್ನು "ಮೇಸ್ತ್ರಿ" ಎಂದು ಕರೆಯುತ್ತಿದ್ದರು. ಅಕ್ಕ ಒಂದು ಲೋಟ ಹಾಲು ಕುಡಿಸುತ್ತಿದ್ದಳು, ಸ್ವಲ್ಪ ಹೊತ್ತಿಗೆ ಭಾವ ಮತ್ತೆ ಭಾವನಾಗುತ್ತಿದ್ದರು.

"ಇದೇನೋ ಇದು" ಅಂದಳು ಅಕ್ಕ. "ತಿನ್ನದೇ ಇದ್ರೆ ಏರುತ್ತೆ, ತಿಂದ್ರೆ ಇಳಿಯುತ್ತೆ!"

"ನನ್ನ ಮೈಗೆ ಊಟವೇ ಔಷಧಿ" ಅಂದರು ಭಾವ.

"ಹಂಗಾದ್ರೆ ಇನ್ನೊಂದು ಸಲ ಉಣ್ಣಿ."

"ಹಸಿವಿಲ್ವಲ್ಲೇ."

ಡಾಕ್ಟರನ್ನು ಕೇಳೋಣ ಅಂದೆ. ಭಾವ ಮೀಟರನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೇಳಿದರೆ ಅಂಕಿ ಹೇಳಬೇಕು, ಹೇಳಿದರೆ ಗೋದಾಮು. ಆಮೇಲೆ ಬೀಗದ ಕೈ ಎಲ್ಲಿಟ್ಟೆ ಅಂತ ಅವರಿಗೇ ಮರೆತು ಮೂವರೂ ಹುಡುಕಿದೆವು.

ಇದರ ಜೊತೆಗೆ ತಡೆಯುವ ಮಾತ್ರೆಯ ಇನ್ನೊಂದು ಗುಣವೂ ಪ್ರಕಟವಾಯಿತು. ಅರಗದೆ ಉಳಿದದ್ದು ಕರುಳಿನಲ್ಲಿ ಸುಮ್ಮನೆ ಕೂರುವುದಿಲ್ಲ, ಗಾಳಿಯಾಗುತ್ತದೆ. ಕಾರ್ಖಾನೆಯಲ್ಲಾದರೆ ಯಂತ್ರಗಳಿವೆ, ಯಾವ ಸದ್ದು ಯಾರದ್ದು ಅಂತ ಕೇಳುವವರಿಲ್ಲ. ಮನೆಯಲ್ಲಿ ಇದ್ದದ್ದು ಒಂದು ಗೋಡೆ ಗಡಿಯಾರ. ಅಕ್ಕ ಊಟದ ಹೊತ್ತಿಗೆ ರೇಡಿಯೋ ಹಾಕುವ ಅಭ್ಯಾಸ ಮಾಡಿಕೊಂಡಳು. ಪಕ್ಕದ ಮನೆಯವರು ಒಂದು ದಿನ ಬಂದು, ನಿಮ್ಮ ರೇಡಿಯೋದಲ್ಲಿ ನಡುನಡುವೆ ಗುಡುಗು ಬರುತ್ತಲ್ಲ, ಯಾವ ಸ್ಟೇಷನ್ನು ಅಂತ ವಿಚಾರಿಸಿಕೊಂಡು ಹೋದರು.

ತಪಾಸಣೆಯ ದಿನ ಬಂತು. ಭಾವನ ಉಪಾಯ ಹೀಗಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚುವುದನ್ನು ಇವತ್ತೊಂದು ದಿನ ಊಟ ಅಂತಲೇ ಲೆಕ್ಕ ಹಾಕುವುದು. ಎರಡೂ ಮಾತ್ರೆ ಪೂರ್ತಿ ತೆಗೆದುಕೊಳ್ಳುವುದು. ಊಟ ಮಾತ್ರ ಒಂದೇ ತುತ್ತು ಉಣ್ಣುವುದು. ಆಮೇಲೆ ಡಾಕ್ಟರಮ್ಮ ರಕ್ತ ತೆಗೆಯುವವರೆಗೆ ತುಟಿ ಬಿಚ್ಚುವುದಿಲ್ಲ, ಕೆಲಸಕ್ಕೂ ಬಿಚ್ಚುವುದಿಲ್ಲ. "ಮಾತ್ರೆ ಜಾಸ್ತಿ, ಊಟ ಕಮ್ಮಿ. ಅಂಕಿ ಎಲ್ಲಿಗೆ ಹೋಗುತ್ತೆ ನೋಡೇಬಿಡೋಣ" ಅಂದರು. ಲೆಕ್ಕ ನನಗೂ ಸರಿ ಕಂಡಿತು. ಬೆಳಗಿನ ಸರದಿಗಳನ್ನೂ ಒಂದೊಂದು ಚೂರು ಕಚ್ಚಿ ಮುಗಿಸಿದ್ದರು.

ಒಂದು ತುತ್ತು ಉಂಡು ಭಾವ ರುಚಿ ಮೇಜಿಗೆ ಬಂದು ಕೂತರು. ಅಷ್ಟರಲ್ಲಿ ಒಲೆ ಮೇಸ್ತ್ರಿ ಹೊಸ ಸರದಿಯ ಬಿಸ್ಕತ್ತು ತಟ್ಟೆಯಲ್ಲಿ ತಂದಿಟ್ಟ.

"ಸ್ವಾಮಿ, ನೋಡಿ ಹೇಳಿ. ಹಿಂದೆ ಇನ್ನೂ ಎರಡು ಸರದಿ ನಿಂತಿದೆ."

ಭಾವ ತುಟಿ ಒತ್ತಿ ಹಿಡಿದು ತಲೆ ಅಲ್ಲಾಡಿಸಿದರು.

"ಅಂದ್ರೆ ವಾಪಸ್ಸಾ? ಕಚ್ಚದೇನೆ?"

ಭಾವ ಮತ್ತೆ ಅಲ್ಲಾಡಿಸಿದರು, ಈ ಸಲ ಬೇರೆ ದಿಕ್ಕಿಗೆ.

"ಹೂಂ ಅಂತಲಾ? ಏನಾದ್ರೂ ಒಂದು ಹೇಳ್ರಪ್ಪಾ!" ಮೇಸ್ತ್ರಿ ನನ್ನ ಕಡೆ ತಿರುಗಿದ. "ನಿಮ್ಮ ಭಾವಂಗೆ ಏನಾಗಿದೆ ಇವತ್ತು? ಮೌನವ್ರತನಾ?"

ನಾನು ಏನಾದರೂ ಹೇಳುವಷ್ಟರಲ್ಲಿ ಭಾವನ ಹಣೆಯ ಮೇಲೆ ಬೆವರು ಮೂಡಿತು. ಬೆರಳು ಮೇಜಿನ ಮೇಲೆ ತಬಲ ಬಾರಿಸತೊಡಗಿತು. ಮ್ಯಾನೇಜರ್ ಏನು ಗದ್ದಲ ಅಂತ ಬಂದರು. ಭಾವ ಅವರನ್ನು ಪ್ರೀತಿಯಿಂದ ನೋಡಿ, "ಏ ಇವಳೇ, ತಟ್ಟೆ ಎತ್ತು, ಸಾಕು" ಅಂದರು. ಮ್ಯಾನೇಜರ್ ಗಲಿಬಿಲಿಯಾಗಿ ನಿಜವಾಗಿಯೂ ತಟ್ಟೆ ಎತ್ತಿದರು.

"ಸಕ್ಕರೆ ಇಳಿದಿದೆ!" ಅಂತ ಕೂಗಿದೆ. ಸಕ್ಕರೆಯ ವಿಷಯದಲ್ಲಿ ನಾವಿದ್ದದ್ದು ಸರಿಯಾದ ಜಾಗದಲ್ಲೇ. ಎಲ್ಲರೂ ಒಂದೊಂದು ಬಿಸ್ಕತ್ತು ಹಿಡಿದು ಭಾವನ ಬಾಯಿಯತ್ತ ನುಗ್ಗಿದರು. ಭಾವ ಹಲ್ಲು ಕಚ್ಚಿಕೊಂಡರು. ಅರ್ಧ ಪ್ರಜ್ಞೆ ಇಲ್ಲ, ಆದರೂ ಅಂಕಿ ಕೆಡುತ್ತದೆ ಅನ್ನುವುದು ಮಾತ್ರ ನೆನಪಿದೆ. ಮೇಸ್ತ್ರಿ ಮೂಗು ಹಿಡಿದ, ಬಾಯಿ ಬಿಟ್ಟಿತು. ಕೆನೆ ಬಿಸ್ಕತ್ತು ಹೋಯಿತು, ಬೆಣ್ಣೆ ಬಿಸ್ಕತ್ತು ಹೋಯಿತು, ಲೋಟದ ತುಂಬ ಸಕ್ಕರೆ ಕದಡಿದ ನೀರು ಹೋಯಿತು. ಭಾವ ನುಂಗುತ್ತಾ ನುಂಗುತ್ತಾ ಇನ್ನೂ ನಡುಗುತ್ತಿದ್ದರು.

ಆಗ ನನಗೆ ಡಾಕ್ಟರಮ್ಮ ಏನೋ ಹೇಳಿದ್ದು ಮಸುಕಾಗಿ ನೆನಪಾಯಿತು. ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಸಕ್ಕರೆ ಇಳಿದ್ರೆ ಒಂದು ಕೊಡಿ, ಒಂದು ಬೇಡ ಅಂದಿದ್ರು. ಯಾವುದು ಕೊಡಬೇಕು?"

"ಅಲ್ಲಿ ಕೂತು ಕೇಳಿಸಿಕೊಂಡೋನು ನೀನು ಕಣೋ!"

"ಕೇಳಿಸ್ಕೊಂಡೆ. ಯಾವುದು ಅಂತ ಗೊತ್ತಿಲ್ಲ."

"ಹಂಗಾದ್ರೆ ಬೇಡ ಅಂದಿದ್ದು ಯಾವುದು ಹೇಳು, ಅದನ್ನ ಬಿಟ್ಟು ಇನ್ನೊಂದು ಕೊಡು."

"ಅದೂ ಗೊತ್ತಿಲ್ಲ."

"ನನ್ನ ತಮ್ಮ ಕಣಪ್ಪ ನೀನು" ಅಂದಳು. ಹೊಗಳಿಕೆಯೋ ಬೈಗುಳವೋ ತಿಳಿಯುವ ಮುಂಚೆ ಫೋನ್ ಇಟ್ಟು, ಓಡಿ ಬರಲು ಹೊರಟಳು.

ಅದೃಷ್ಟಕ್ಕೆ ಡಾಕ್ಟರಮ್ಮ ರಕ್ತ ತೆಗೆಯಲು ಅದೇ ಹೊತ್ತಿಗೆ ಒಳಗೆ ಬಂದರು. ಬೆರಳು ಚುಚ್ಚಿದರು, ನಲವತ್ತೆಂಟು.

"ಏನು ಕೊಟ್ಟಿದೀರಿ?"

"ಬಿಸ್ಕತ್ತು ಮೇಡಂ, ಸಕ್ಕರೆ ನೀರು. ಅರ್ಧ ಡಬ್ಬಿ ಖಾಲಿ" ಅಂದ ಮೇಸ್ತ್ರಿ ಹೆಮ್ಮೆಯಿಂದ.

"ತಡೆಯೋ ಮಾತ್ರೆ ತಗೊಂಡಿದಾರಾ? ಹಂಗಾದ್ರೆ ಕೊಟ್ಟಿದ್ದೆಲ್ಲಾ ಕರುಳಲ್ಲಿ ಅರಗದೆ ಕೂತಿರುತ್ತೆ. ಅದನ್ನ ತಡೆಯೋದೇ ಆ ಮಾತ್ರೆ ಕೆಲಸ. ಗ್ಲೂಕೋಸ್ ಎಲ್ಲಿ? ಅದು ಅರಗಬೇಕಾಗಿಲ್ಲ, ನೇರವಾಗಿ ರಕ್ತಕ್ಕೆ ಹೋಗುತ್ತೆ. ಬೇಗ!"

ಇಡೀ ಕಾರ್ಖಾನೆಯ ಸಕ್ಕರೆ ಸೇರಿ ಒಬ್ಬ ಮನುಷ್ಯನ ಸಕ್ಕರೆ ಏರಿಸಲಾರದ್ದು ನೋಡಿ ನಾವು ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತೆವು. ಮೊದಲು ಚೇತರಿಸಿಕೊಂಡವರು ಮ್ಯಾನೇಜರ್. ಹಿಟ್ಟಿಗೆ ಬೆರೆಸಲು ಗ್ಲೂಕೋಸ್ ಪುಡಿಯ ಚೀಲಗಳು ಇವೆಯಲ್ಲ! ತಟ್ಟೆ ಹಿಡಿದುಕೊಂಡೇ ಓಡಿ ಅದೇ ತಟ್ಟೆಯ ತುಂಬ ತಂದರು. ಡಾಕ್ಟರಮ್ಮ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಬೆರಳು ತಬಲ ನಿಲ್ಲಿಸಿತು. ಭಾವ ಕಣ್ಣು ಬಿಟ್ಟು, ನಾಲಿಗೆ ಒಮ್ಮೆ ಚಪ್ಪರಿಸಿ ಹೇಳಿದ ಮೊದಲ ಮಾತು, "ಚೀಲಕ್ಕೆ ತೇವ ಹಿಡಿದಿದೆ. ನೆಲದ ಮೇಲಿಂದ ಎತ್ತಿಡ್ರೋ."

ಎರಡನೇ ಮಾತು, "ಅಂಕಿ ಎಷ್ಟು ಬಂತು, ಡಾಕ್ಟ್ರೇ?"

"ನಿಮ್ಮ ಅಂಕಿಗೆ ಬೆಂಕಿ ಬಿತ್ತು. ಇವತ್ತಿನದು ಯಾವುದೂ ಲೆಕ್ಕಕ್ಕಿಲ್ಲ." ಡಾಕ್ಟರಮ್ಮ ಕುರ್ಚಿ ಎಳೆದು ಎದುರು ಕೂತರು. "ಈಗ ನಿಜ ಹೇಳಿ. ದಿನಕ್ಕೆ ಎಷ್ಟು ಬಿಸ್ಕತ್ತು ತಿಂತೀರಿ?"

"ಅವರು ತಿನ್ನಲ್ಲ ಮೇಡಂ" ಅಂದ ಮೇಸ್ತ್ರಿ.

"ಕೆಲಸ ಮಾಡ್ತಾರೆ" ಅಂದೆ ನಾನು.

"ಮುಟ್ಟೋದೂ ಇಲ್ಲ ಡಾಕ್ಟ್ರೇ" ಅಂದಳು ಆಗ ತಾನೇ ಏದುಸಿರು ಬಿಡುತ್ತಾ ಬಂದ ಅಕ್ಕ. "ಮನೇಲಿ ನಾಲ್ಕೇ ತುತ್ತು. ತಿನ್ನದೇ ಇದ್ರೆ ಏರುತ್ತೆ, ತಿಂದ್ರೆ ಇಳಿಯುತ್ತೆ. ನೀವೇ ಬಿಡಿಸಿ ಹೇಳಿ."

ಡಾಕ್ಟರಮ್ಮ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಸುಳ್ಳು ಹೇಳುವವರ ಮುಖ ಅವರಿಗೆ ಗೊತ್ತಿರಬೇಕು, ಇದು ಅಂಥದ್ದಲ್ಲ ಅನ್ನುವುದೇ ಅವರ ಕಷ್ಟ. ಆಮೇಲೆ ಬಗ್ಗಿ ಬಕೆಟ್ಟು ನೋಡಿದರು.

"ಇದರಲ್ಲಿ ಕೊಡೆ ಇದೆಯಲ್ಲ?"

ಭಾವ ಬಕೆಟ್ಟನ್ನು ಕಾಲಿಂದ ಮೆಲ್ಲಗೆ ಮೇಜಿನಡಿಗೆ ತಳ್ಳಿದರು.

"ಅಂದ್ರೆ ಎಲ್ಲಾ ನುಂಗ್ತೀರಿ. ಬೆಳಗ್ಗಿಂದ ಸಂಜೆವರೆಗೆ ಮಾತ್ರೆ ಇಲ್ಲದೆ ಹಿಟ್ಟು, ಸಕ್ಕರೆ. ಸಂಜೆ ಹೊಟ್ಟೆ ತುಂಬಿರುತ್ತೆ, ಉಣ್ಣಲ್ಲ, ಆಗ ಎರಡೆರಡು ಮಾತ್ರೆ." ಅವರು ತಮ್ಮ ಹಣೆ ತಿಕ್ಕಿಕೊಂಡರು. "ರಕ್ತಕ್ಕೆ ಕೆಲಸ ಯಾವುದು, ಊಟ ಯಾವುದು ಅಂತ ಗೊತ್ತಾಗಲ್ಲಪ್ಪ. ಒಳಗೆ ಹೋದದ್ದೆಲ್ಲಾ ಅದಕ್ಕೆ ಊಟ."

ಅಕ್ಕ ಭಾವನ ಹೊಟ್ಟೆಯನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. "ರೀ, ಹಂಗಾದ್ರೆ ನೀವು ದಿನಾ ತಿಂತಿದ್ರಾ?"

"ನನಗೇನು ಗೊತ್ತು?" ಅಂದರು ಭಾವ. ಅವರು ಅಷ್ಟು ಕಂಗಾಲಾಗಿದ್ದನ್ನು ನಾನು ಕಂಡಿರಲಿಲ್ಲ.

ಡಾಕ್ಟರಮ್ಮ ಖಡಾಖಂಡಿತ ಹೇಳಿದರು, ಇಲ್ಲಿ ಕೂರಬೇಕಾದರೆ ಉಗಿಯಬೇಕು, ಇಲ್ಲದಿದ್ದರೆ ಗೋದಾಮು. ನುಂಗದೆ ಹೇಳಲಾಗುತ್ತದೋ ಇಲ್ಲವೋ ಈಗಲೇ ಗೊತ್ತಾಗಲಿ ಅಂದರು ಮ್ಯಾನೇಜರ್. ಒಲೆಯ ಹತ್ತಿರ ಕಾಯುತ್ತಿದ್ದ ಮೂರು ಸರದಿಯಿಂದ ಒಂದೊಂದು ಬಿಸ್ಕತ್ತು ತರಿಸಿದರು. ಕೊಡೆ ಹೊರಬಂತು.

ಮೊದಲನೆಯದನ್ನು ಕಚ್ಚಿ, ಅಗಿದು, ಭಾವ ಬಕೆಟ್ಟಿನ ಮೇಲೆ ಬಗ್ಗಿದರು. ಬಗ್ಗಿ ಹಾಗೇ ನಿಂತರು. ಗಂಟಲು ಎಳೆಯುತ್ತಿದೆ, ಅವರು ಬಿಡುತ್ತಿಲ್ಲ, ನಮಗೆಲ್ಲ ಕಾಣುತ್ತಿತ್ತು. ಕೊನೆಗೆ ಉಗಿದರು. ನಾಲಿಗೆ ಎರಡು ಸಲ ಚಪ್ಪರಿಸಿ "ಹೂಂ" ಅಂದರು. ಎರಡನೆಯದನ್ನು ಉಗಿದು "ಊಹೂಂ, ಉಪ್ಪು ಒಂದು ಚಿಟಿಕೆ ಜಾಸ್ತಿ" ಅಂದರು. ಮೇಸ್ತ್ರಿ ಒಳಗೆ ಹೋಗಿ ವಿಚಾರಿಸಿ ಬಂದು ಹೌದೆಂದು ತಲೆಯಾಡಿಸಿದ. ಮೂರನೆಯದನ್ನು ಉಗಿದು ಭಾವ ಉಳಿದ ಚೂರನ್ನು ತಿರುಗಿಸಿ ನೋಡಿದರು. ಇನ್ನೊಂದು ತರಿಸಿ ಅದನ್ನೂ ಉಗಿದರು.

"ಗೊತ್ತಾಗ್ತಿಲ್ಲ" ಅಂದರು ಮೆಲ್ಲಗೆ. "ಇದನ್ನ ನುಂಗಿದ್ರೆ ಹೇಳಬಲ್ಲೆ. ಸುಮ್ಮನೆ ಹೂಂ ಅಂದುಬಿಡಬಹುದು ಡಾಕ್ಟ್ರೇ, ಆದ್ರೆ ಅದು ಹೂಂ ಅಲ್ಲ."

ಮ್ಯಾನೇಜರ್ ಡಾಕ್ಟರಮ್ಮನ ಮುಖ ನೋಡಿದರು. ಡಾಕ್ಟರಮ್ಮ ಬಿಸ್ಕತ್ತಿನ ಮುಖ ನೋಡಿದರು.

"ಇಂಥ ಅನುಮಾನದ ಸರದಿ ದಿನಕ್ಕೆ ಎಷ್ಟು ಬರುತ್ತೆ?"

"ಒಂದು. ಕೆಲವು ದಿನ ಅದೂ ಇಲ್ಲ."

"ಹಾಗಾದ್ರೆ ತಳ್ಳೋ ಮಾತ್ರೆ ಸದ್ಯಕ್ಕೆ ನಿಲ್ಲಿಸಿ, ತಡೆಯೋದು ಮಾತ್ರ ಇರಲಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೊಟ್ಟೆಗೆ ಸರಿಯಾಗಿ ಊಟ ಮಾಡಿ. ಮೊದಲ ತುತ್ತಿಗೆ ಮಾತ್ರೆ. ಆ ಅನುಮಾನದ್ದನ್ನ ಮಧ್ಯಾಹ್ನದ ಊಟದ ಜೊತೆ ನುಂಗಿ. ಒಂದೇ ಒಂದು. ಮಿಕ್ಕಿದ್ದೆಲ್ಲಾ ಬಕೆಟ್ಟಿಗೆ."

"ಊಟದ ಹೊತ್ತಿನವರೆಗೆ ಆ ಸರದಿ ಕಾಯಬೇಕಾ?" ಮೇಸ್ತ್ರಿ ಬಾಯಿ ಬಿಟ್ಟ.

"ಕಾಯಲಿ" ಅಂದರು ಮ್ಯಾನೇಜರ್. "ನಾಲಿಗೆ ಇಲ್ಲೇ ಇರಲಿ."

ಹೀಗೆ ಭಾವ ಮೇಜಿನಲ್ಲೇ ಉಳಿದರು. ಮುಂದಿನ ತಪಾಸಣೆಯಲ್ಲಿ ಅಂಕಿ ಮಿತಿಯೊಳಗೆ ಬಂತು. ಬಂದದ್ದು ಹೇಗೆ ಅಂತ ಅಕ್ಕ ಡಾಕ್ಟರಮ್ಮನನ್ನು ಎರಡು ಸಲ ಕೇಳಿದಳು, ಎರಡು ಸಲವೂ ಅರ್ಥವಾಯಿತು ಅಂದಳು, ಮನೆಗೆ ಬಂದು ನನ್ನನ್ನು ಕೇಳಿದಳು.

ಈಗ ನಮ್ಮ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಒಂದು ದೃಶ್ಯ ನಡೆಯುತ್ತದೆ. ಭಾವ ಡಬ್ಬಿ ಬಿಚ್ಚಿ ಕೂರುತ್ತಾರೆ. ಮೇಸ್ತ್ರಿ ಎದುರಿಗೆ ಅನುಮಾನದ ಬಿಸ್ಕತ್ತು ಹಿಡಿದು ಒಂಟಿ ಕಾಲಲ್ಲಿ ನಿಂತಿರುತ್ತಾನೆ. ಹಿಂದೆ ಇಡೀ ಸರದಿ, ಅದರ ಹಿಂದೆ ಖಾಲಿ ಕೈಯ ನನ್ನ ಪ್ಯಾಕಿಂಗಿನವರು. ಮೊದಲ ತುತ್ತು, ಮಾತ್ರೆ. ಆಮೇಲೆ ತರಕಾರಿ, ನಿಧಾನವಾಗಿ. ಭಾವ ಅಷ್ಟು ನಿಧಾನವಾಗಿ ಉಣ್ಣುವುದನ್ನು ಅಕ್ಕ ನೋಡಿದ್ದರೆ ಸಂತೋಷಪಡುತ್ತಿದ್ದಳು.

"ಸ್ವಾಮಿ, ಒಲೆ ಆರ್ತಾ ಇದೆ. ಮೊದಲು ಇದನ್ನ ಬಾಯಿಗೆ ಹಾಕ್ಕೊಳ್ಳಿ."

"ಡಾಕ್ಟ್ರು ಹೊಟ್ಟೆಗೆ ಸರಿಯಾಗಿ ಉಣ್ಣು ಅಂದಿದಾರೆ."

"ಇವತ್ತಾದ್ರೂ ಬೇಗ ಹೂಂ ಅನ್ನಿ."

ಭಾವ ಬಿಸ್ಕತ್ತು ಕಚ್ಚುತ್ತಾರೆ, ಕಣ್ಣು ಮುಚ್ಚುತ್ತಾರೆ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಮೇಸ್ತ್ರಿ ಕಾಲು ಬದಲಾಯಿಸುತ್ತಾನೆ.

"ಇನ್ನೊಂದು ಕೊಡು, ಖಚಿತ ಮಾಡ್ಕೋತೀನಿ."

"ಮೇಡಂ ಒಂದೇ ಒಂದು ಅಂದಿದಾರೆ ಸ್ವಾಮಿ."

"ಹಂಗಾದ್ರೆ ಊಹೂಂ. ಕಾವು ಜಾಸ್ತಿಯಾಗಿದೆ, ಅಷ್ಟೂ ವಾಪಸ್ ತಗೊಂಡು ಹೋಗು."

ಮೇಸ್ತ್ರಿ ಒಲೆಯ ಕಾವು ನೋಡಲು ಓಡುತ್ತಾನೆ. ಕಾವು ಜಾಸ್ತಿಯಿತ್ತು ಅಂತ ಅವನು ಒಮ್ಮೆಯೂ ಒಪ್ಪಿಲ್ಲ, ಇರಲಿಲ್ಲ ಅಂತಲೂ ಹೇಳಿಲ್ಲ. ಆ ಊಹೂಂ ಬಿಸ್ಕತ್ತಿಗೆ ಹೇಳಿದ್ದೋ, ಸಿಗದ ಎರಡನೇ ಬಿಸ್ಕತ್ತಿಗೆ ಹೇಳಿದ್ದೋ ಅಂತ ನಾನು ಒಂದು ದಿನ ಭಾವನನ್ನು ಕೇಳಿದೆ. ಅವರು ಕೈ ತೊಳೆಯುತ್ತಾ ಯೋಚಿಸಿ, ಅದು ತಮಗೂ ಸರಿಯಾಗಿ ಗೊತ್ತಾಗುತ್ತಿಲ್ಲ ಅಂದರು.